ತೋಳ ಇರೋ ರೋಮನ್ ಕಾಸು: "ಸ್ಮಾರಕ ನಾಣ್ಯ" ಅಂತ ಕೊಟ್ರು, ಇದು ಸ್ಮಾರಕನಾ ಚಿಲ್ಲರೆನಾ?

ಹಳೇಕಾಸು_ಹಾಸನ
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಮೈಸೂರು ಅರಸರ ಕಾಸು, ಬ್ರಿಟಿಷ್ ಕಾಲದ ಕಾಲಾಣೆ ಅಂತ ಸೇರಿಸ್ಕೊಂಡಿದ್ದೋನು ಈಗ ರೋಮನ್ ಕಡೆ ಹೊರಟಿದೀನಿ, ಮನೇಲಿ ಬೈಗುಳ ಶುರುವಾಗಿದೆ. ಮೊದಲ್ನೇ ಕಾಸು ಅರ್ಬ್ಸ್ ರೋಮಾ, ಅಂದ್ರೆ "ರೋಮ್ ನಗರ" ಅಂತ ಬರೆದಿರೋದು. ಒಂದ್ಕಡೆ ಹೆಲ್ಮೆಟ್ ಹಾಕಿರೋ ರೋಮಾ ದೇವಿ, ಇನ್ನೊಂದ್ಕಡೆ ತೋಳ, ಅದರ ಹೊಟ್ಟೆ ಕೆಳಗೆ ರೋಮ್ ಕಟ್ಟಿದ ಕಥೆಯ ಅವಳಿ ಮಕ್ಕಳು ರೋಮುಲಸ್ ರೆಮಸ್ ಹಾಲು ಕುಡೀತಿರೋದು, ಮೇಲೆ ಎರಡು ನಕ್ಷತ್ರ. ಚೀಟಿಲಿ "ಕ್ರಿ.ಶ. 330, ಕಾನ್‌ಸ್ಟಾಂಟಿನೋಪಲ್ ಉದ್ಘಾಟನೆಯ ಸ್ಮಾರಕ ನಾಣ್ಯ" ಅಂತ ಬರೆದಿದಾರೆ. ತೂಕ 1.3 ಗ್ರಾಂ, ಅಗಲ 13 ಮಿ.ಮೀ.

ಎರಡು ಡೌಟು. ಹೊಸ ಊರಿನ (ಈಗಿನ ಇಸ್ತಾಂಬುಲ್) ಉದ್ಘಾಟನೆ ಅಂದ್ರೆ ಹಳೇ ಊರಿನ ತೋಳ ಯಾಕೆ ಹಾಕಿದ್ರು? ಮತ್ತೆ ಇದು ಎತ್ತಿಡೋಕೆ ಅಂತ ಮಾಡಿದ್ದಾ ಇಲ್ಲ ಸಂತೇಲಿ ಓಡಾಡಿದ್ದಾ, ಯಾಕಂದ್ರೆ ಎತ್ತಿಟ್ಟ ಕಾಸು ಈ ಪಾಟಿ ಸವೆಯಲ್ಲ.

ಕಂಚಿನಕಾಸು
ವೆಲ್ಕಂ. ಒಂದಕ್ಕೆ ನಿಲ್ಸೋಕಾಗಲ್ಲ, ಮೊದ್ಲೇ ಹೇಳಿರ್ತೀನಿ.

ನಿಮ್ಮ ತೋಳಕ್ಕೆ ಒಂದು ಜೋಡಿ ಇದೆ. ಅದರಲ್ಲಿ ಕಾನ್‌ಸ್ಟಾಂಟಿನೋಪೊಲಿಸ್ ಅಂತ ಬರೆದು ಹೆಲ್ಮೆಟ್ ಹಾಕಿರೋ ಆ ಊರಿನ ದೇವಿ, ಹಿಂದ್ಗಡೆ ಹಡಗಿನ ಮೂತಿ ಮೇಲೆ ನಿಂತ ವಿಜಯದೇವಿ. ಎರಡೂ ಒಂದೇ ಕಾಲಕ್ಕೆ, ಒಂದೇ ಸೈಜಲ್ಲಿ, ಈಗಿನ ಜರ್ಮನಿಯ ಟ್ರೀರ್‌ನಿಂದ ಹಿಡಿದು ಅಲೆಕ್ಸಾಂಡ್ರಿಯಾವರೆಗೂ ಟಂಕಸಾಲೆಗಳಲ್ಲಿ ಹೊಡೆದಿದ್ದು. ಹೊಸ ಊರು 330ರ ಮೇ 11ಕ್ಕೆ ಉದ್ಘಾಟನೆ ಆಯ್ತು. ಕಾನ್‌ಸ್ಟಾಂಟೈನ್ ಚಕ್ರವರ್ತಿ ಹಳೇ ರೋಮನ್ನು ಬಿಟ್ಟುಬಿಟ್ಟೆ ಅಂತ ಹೇಳೋಕೆ ತಯಾರಿರ್ಲಿಲ್ಲ, ಅದಕ್ಕೇ ಅಕ್ಕತಂಗಿ ಥರ ಎರಡೂ ಊರನ್ನ ಪಕ್ಕಪಕ್ಕ ಕೂರಿಸ್ದ. ಅವನ ಸ್ವಂತ ಹೆಸರು ಮುಖ ಎರಡೂ ಇಲ್ಲ ನೋಡಿ ಇದರ ಮೇಲೆ.

ಡೆನಾರಿಯಸ್_ದೊಡ್ಡಪ್ಪ
ಹೆಸರು ಇಲ್ಲ ಅಂತೀರಲ್ಲ, ಊರಿಗೇ ತನ್ನ ಹೆಸರಿಟ್ಟು ಅದನ್ನ ಕಾಸಿನ ಮೇಲೆ ಕೆತ್ಸಿದಾನೆ, ಇನ್ನೇನ್ ಬೇಕು!

ಮೂಲ ಪ್ರಶ್ನೆಗೆ ಬರ್ತೀನಿ. ಸ್ಮಾರಕ ನಾಣ್ಯ ಅನ್ನೋದೆಲ್ಲ ನಮ್ಮ ಕಾಲದ ಐಡಿಯಾ ಸ್ವಾಮಿ. 2023ರಲ್ಲಿ ಹೊಸ ಪಾರ್ಲಿಮೆಂಟ್ ಕಟ್ಟಡಕ್ಕೆ 75 ರೂಪಾಯಿ ನಾಣ್ಯ ಬಂತು, 35 ಗ್ರಾಂ, ಅರ್ಧ ಬೆಳ್ಳಿ, ಅದನ್ನ ಯಾರಾದ್ರೂ ತರಕಾರಿಗೆ ಕೊಡ್ತಾರಾ? ಡಬ್ಬಿ ಸಮೇತ ಬೀರುವಿಗೆ ಹೋಗುತ್ತೆ. ರೋಮ್‌ದು ಹಂಗಲ್ಲ. ಈ ತೋಳದ ಕಾಸಿನ ಜೊತೆಗೇ ಇಬ್ರು ಸೈನಿಕರು ನಿಂತಿರೋ ಗ್ಲೋರಿಯಾ ಎಕ್ಸರ್ಸಿಟಸ್ ಕಾಸು ಬರ್ತಿತ್ತು, ಅದೇ ತೂಕ ಅದೇ ಲೋಹ. ಅದರ ತೂಕ ಇಳಿಸಿದಾಗ ಇದರದ್ದೂ ಇಳೀತು. 337ರಲ್ಲಿ ಕಾನ್‌ಸ್ಟಾಂಟೈನ್ ಸತ್ತ ಮೇಲೂ ಕೆಲವು ವರ್ಷ ಹೊಡೀತಾನೇ ಇದ್ರು. ಯಾವ ಉದ್ಘಾಟನೆಯ ಸ್ಮಾರಕ ಹತ್ತತ್ರ ಹತ್ತು ವರ್ಷ ನಡೆಯುತ್ತೆ ಹೇಳಿ? ಚಿಲ್ಲರೆ. ಚಿತ್ರ ಚೆನ್ನಾಗಿರೋ ಚಿಲ್ಲರೆ ಅಷ್ಟೇ.

ತುಂಗಾತೀರ
ದೊಡ್ಡಪ್ಪ ಯಾವಾಗ್ಲೂ ಹಿಂಗೇ, ಒಂದೇ ಏಟಿಗೆ ಎಲ್ಲಾ ಕಡಿದು ಹಾಕೋದು. 1964ರ ನೆಹರು ರೂಪಾಯಿ ನೆನಪಿದೆಯಾ? ನಮ್ಮ ದೇಶದ ಮೊದಲ ಸ್ಮಾರಕ ನಾಣ್ಯ, ಬಸ್ ಕಂಡಕ್ಟರ್ ಕೈಲಿ ಓಡಾಡ್ತಿತ್ತು. ಓಡಾಡಿದ ಮಾತ್ರಕ್ಕೆ ಸ್ಮಾರಕ ಅಲ್ಲ ಅಂದ್ರೆ ಹೆಂಗೆ? ಖರ್ಚಾಗೋದೂ ಒಂದು ಕೆಲ್ಸ, ನೆನಪಿಸೋದೂ ಒಂದು ಕೆಲ್ಸ, ಎರಡೂ ಒಂದೇ ಕಾಸು ಮಾಡ್ಬಹುದು.

ಮ್ಯೂನಿಕ್_ಮಂಡ್ಯ
ಇಬ್ರೂ ಅರ್ಧ ಅರ್ಧ ಸರಿ. ಅದೇ 330ರ ಸಮಾರಂಭಕ್ಕೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೊಡ್ಡ ಬೆಳ್ಳಿ ಮೆಡಾಲಿಯನ್ (ಪದಕದ ಥರದ್ದು) ಹೊಡೆದಿದ್ದಾರೆ, ಒಂದ್ಕಡೆ ಚಕ್ರವರ್ತಿ, ಇನ್ನೊಂದ್ಕಡೆ ಸಿಂಹಾಸನದಲ್ಲಿ ಕೂತ ನಗರದೇವಿ, ಕಾಲಡಿಗೆ ಹಡಗಿನ ಮೂತಿ. ಇದು ದೊಡ್ಡೋರಿಗೆ, ಸೇನಾಧಿಕಾರಿಗಳಿಗೆ ಹಂಚೋಕೆ. ನೀವು ಹೇಳೋ ಡಬ್ಬಿ ಸಮೇತದ ಸ್ಮಾರಕ ಅಂದ್ರೆ ಇದು. ತೋಳದ ಕಾಸು ಜನಸಾಮಾನ್ಯರಿಗೆ ಸಿಕ್ಕ ವರ್ಷನ್.

ಇಲ್ಲಿ ಮ್ಯೂಸಿಯಮ್ಮಲ್ಲಿ ರೋಮನ್ ಮೆಡಾಲಿಯನ್ ನೋಡಿ ಬಂದು ನನ್ನ ಆಲ್ಬಂ ತೆಗೆಯೋಕೆ ಮನಸ್ಸಾಗ್ಲಿಲ್ಲ ಒಂದು ವಾರ.

ಸುಮ್ನೆ_ನೋಡ್ತಿದೀನಿ
ಆ ಕಾಲದಲ್ಲಿ ಓದೋಕೆ ಬರ್ತಿದ್ದೋರೇ ಕಮ್ಮಿ, ಕಾಸಿನ ಮೇಲೆ ಏನಿದೆ ಅಂತ ಯಾರ್ ನೋಡ್ತಿದ್ರು?

ಇತಿಹಾಸ_ಟೀಚರ್
ನೋಡ್ತಿದ್ರು ಕಣಪ್ಪ. ಮೂರು ಸಾಕ್ಷಿ ಕೊಡ್ತೀನಿ.

ಬೈಬಲ್‌ನಲ್ಲಿ ತೆರಿಗೆ ಕಟ್ಟಬೇಕೋ ಬೇಡವೋ ಅಂತ ಕೇಳ್ದಾಗ ಏಸು ಒಂದು ಡೆನಾರಿಯಸ್ (ರೋಮನ್ ಬೆಳ್ಳಿ ನಾಣ್ಯ) ತರಿಸಿ "ಇದರ ಮೇಲಿರೋ ಮುಖ ಯಾರದು" ಅಂತ ಕೇಳ್ತಾನೆ, ಸೀಸರನದು, ಅಂದ್ರೆ ಚಕ್ರವರ್ತಿದು ಅಂತ ಥಟ್ಟಂತ ಉತ್ತರ ಬರುತ್ತೆ. ಬೀದಿ ಜನಕ್ಕೆ ಗೊತ್ತಿತ್ತು ಅಂತ ತಾನೇ ಅರ್ಥ. ಎರಡ್ನೇದು, ರೋಮನ್ ಲೇಖಕ ಸ್ಯುಟೋನಿಯಸ್ ಬರೆಯೋ ಪ್ರಕಾರ ಮೊದಲ ಚಕ್ರವರ್ತಿ ಆಗಸ್ಟಸ್ ಹಬ್ಬಕ್ಕೆ ಉಡುಗೊರೆ ಕೊಡೋವಾಗ ಬಗೆಬಗೆಯ ನಾಣ್ಯ ಕೊಡ್ತಿದ್ದ, ಹಳೇ ರಾಜರ ಕಾಲದ್ದು, ಪರದೇಶದ್ದು ಎಲ್ಲ. ಅಂದ್ರೆ ನಮ್ಮ ಹುಚ್ಚಿಗೂ ಎರಡು ಸಾವಿರ ವರ್ಷ ಆಯ್ತು. ಮೂರ್ನೇದು ಕೊಲೆಗಾರರಲ್ಲಿ ಒಬ್ಬನಾದ ಬ್ರೂಟಸ್‌ನದು. ಜೂಲಿಯಸ್ ಸೀಸರ್ ಕೊಲೆ ಆದ್ಮೇಲೆ ತಾನೇ ಹೊಡೆಸಿದ ಡೆನಾರಿಯಸ್, ಎರಡು ಚೂರಿ, ಮಧ್ಯೆ ಬಿಡುಗಡೆಯಾದ ಗುಲಾಮರು ಹಾಕ್ಕೊಳ್ಳೋ ಟೋಪಿ, ಕೆಳಗೆ ಐಡ್ ಮಾರ್, ಅಂದ್ರೆ ಕೊಲೆ ಆದ ದಿನ ಮಾರ್ಚ್ 15. ಕ್ರಿ.ಪೂ. 42ರ ಸುಮಾರಿನ ಈ ನಾಣ್ಯದ ಚಿತ್ರವನ್ನ ಎರಡು ಶತಮಾನದ ಮೇಲೆ ಕ್ಯಾಸಿಯಸ್ ಡಿಯೊ ತನ್ನ ಇತಿಹಾಸದಲ್ಲಿ ವರ್ಣನೆ ಮಾಡ್ತಾನೆ. ಅಷ್ಟು ಕಾಲ ನೆನಪಲ್ಲಿ ಉಳೀತು.

ಡೆನಾರಿಯಸ್_ದೊಡ್ಡಪ್ಪ
ಡಿಯೊ ಸೆನೆಟರ್ ಮೇಡಂ, ಓದ್ಕೊಂಡೋನು. ಹಳ್ಳಿ ರೈತ ಬರೆದಿಟ್ಟಿದ್ದು ಏನಾದ್ರೂ ಇದ್ರೆ ಹೇಳಿ.

ಇತಿಹಾಸ_ಟೀಚರ್
ರೈತ ಬರೆದಿಡೋ ಹಾಗಿದ್ರೆ ನಮ್ಮ ಇಡೀ ಸಿಲಬಸ್ಸೇ ಬೇರೆ ಇರ್ತಿತ್ತು.

ಕಂಚಿನಕಾಸು
ಐಡ್ ಮಾರ್ ಅಂದಾಗ ಹೇಳ್ಬೇಕು, ಅದರ ಚಿನ್ನದ್ದು ಒಂದು 2020ರಲ್ಲಿ ಲಂಡನ್ ಹರಾಜಲ್ಲಿ 32 ಲಕ್ಷ ಪೌಂಡ್ ದಾಟಿ ಹೋಯ್ತು. ಆಮೇಲೆ ನೋಡಿದ್ರೆ ಅದರ ಹಿಂದಿನ ಒಡೆತನದ ಕಾಗದಪತ್ರ ಸುಳ್ಳು ಅಂತ ತನಿಖೆಲಿ ಬಂತು, 2023ರಲ್ಲಿ ನ್ಯೂಯಾರ್ಕ್‌ನಿಂದ ಗ್ರೀಸ್‌ಗೆ ವಾಪಸ್ ಕೊಟ್ರು. ಅಷ್ಟು ದುಡ್ಡಿರೋರೇ ಎಡವ್ತಾರೆ ಅಂದ್ಮೇಲೆ ನಾವು "ಯಾರ ಕಲೆಕ್ಷನ್ನಿಂದ ಬಂತು" ಅಂತ ಕೇಳೋಕೆ ನಾಚ್ಕೋಬಾರ್ದು.

ಹಳೇಕಾಸು_ಹಾಸನ
ನನ್ನ ಕಾಸಿನ ಬಗ್ಗೆ ಯಾರಾದ್ರೂ ಹೇಳ್ರಪ್ಪ 😅 ತೋಳದ ಕೆಳಗಿನ ಟಂಕಸಾಲೆ ಅಕ್ಷರ ಓದೋಕೇ ಆಗ್ತಿಲ್ಲ, ಬರೀ ಗೆರೆಗಳು. ತೋಳ ಕೂಡ ನಾಯಿ ಥರ ಇದೆ ನಿಜ ಹೇಳ್ಬೇಕಂದ್ರೆ.

ಮ್ಯೂನಿಕ್_ಮಂಡ್ಯ
ಫೋಟೋ ನೋಡ್ದೆ. ಇದು ಟಂಕಸಾಲೆದಲ್ಲ ಅನ್ಸುತ್ತೆ.

ಗಾಬರಿ ಆಗ್ಬೇಡಿ, ಈಗಿನ ಕಾಲದ ನಕಲಿ ಅಂತ ಹೇಳ್ತಿಲ್ಲ. ಶುರುವಿನ ಅಸಲಿ ಅರ್ಬ್ಸ್ ರೋಮಾ ಎರಡೂವರೆ ಗ್ರಾಂ ಹತ್ರ, 17-18 ಮಿ.ಮೀ. ಇರುತ್ತೆ. 336ರ ಸುಮಾರಿಗೆ ತೂಕ ಇಳಿಸಿ 1.7 ಗ್ರಾಂ ಹತ್ರ ತಂದ್ರು. ನಿಮ್ದು ಅದಕ್ಕಿಂತ ಚಿಕ್ಕದು, ಅಕ್ಷರ ಗೀಚಿದ ಹಾಗಿದೆ, ರೋಮಾ ಮೂಗು ಒಂದು ಕಡ್ಡಿ. 340ರ ದಶಕದಲ್ಲಿ ಬ್ರಿಟನ್, ಗಾಲ್ (ಈಗಿನ ಫ್ರಾನ್ಸ್) ಕಡೆ ಚಿಲ್ಲರೆಗೆ ಬರ ಬಂದು ಲೋಕಲ್ ಜನ ತಾವೇ ಅಚ್ಚು ಮಾಡ್ಕೊಂಡು ಹೊಡೆದ್ರು. ಕೆಲವರು ಅಚ್ಚು ಅದಲು ಬದಲು ಮಾಡಿ ಮುಂದ್ಗಡೆ ಅರ್ಬ್ಸ್ ರೋಮಾ ಹಿಂದ್ಗಡೆ ಹಡಗು ದೇವಿ ಅಂತೆಲ್ಲ ಮಾಡಿದಾರೆ, ಮಜಾ ಇರುತ್ತೆ ನೋಡೋಕೆ. ನಿಮ್ದು ಆ ಜಾತಿ. ಅದೂ ಹದಿನಾರುನೂರೆಂಬತ್ತು ವರ್ಷದ ಹಳೇದೇ.

ತುಂಗಾತೀರ
ಅಂದ್ರೆ ಮಾರಿದೋರು ಚೀಟಿಲಿ ಬರೆದಿದ್ದು ತಪ್ಪು. ಕೇಳಿ ಅವರನ್ನ, ದುಡ್ಡು ವಾಪಸ್ ಕೇಳಿ.

ಕಂಚಿನಕಾಸು
ವಾಪಸ್ಸಾ? ನಾನಾಗಿದ್ರೆ ಬಿಡ್ತಿರ್ಲಿಲ್ಲ. ರೋಮನ್ ಲೇಖಕ ಪ್ಲಿನಿ ಅವನ ಕಾಲದ ಬಗ್ಗೆ ಬರೀತಾನೆ, ಜನ ಖೋಟಾ ಡೆನಾರಿಯಸ್ ಮಾದರಿ ನೋಡೋಕೆ ಅಂತ ಒಂದಕ್ಕೆ ಹಲವು ಅಸಲಿ ಕೊಟ್ಟು ಕೊಂಡ್ಕೋತಿದ್ರಂತೆ. ಇವತ್ತೂ ಈ ಲೋಕಲ್ ಅಚ್ಚಿನದನ್ನೇ ಹುಡುಕಿ ಸೇರ್ಸೋರು ಇದಾರೆ. ಅಸಲಿ ತೋಳ ಎಲ್ಲಿ ಬೇಕಾದ್ರೂ ಸಿಗುತ್ತೆ, ಅಷ್ಟು ಹೊಡೆದಿದಾರೆ.

ಡೆನಾರಿಯಸ್_ದೊಡ್ಡಪ್ಪ
ನೋಡಿ, ನನ್ನ ಮಾತೇ ಗೆಲ್ತು. ಗಾಲ್‌ನ ಯಾವನೋ ಕಮ್ಮಾರ ಕಾನ್‌ಸ್ಟಾಂಟಿನೋಪಲ್ ಉದ್ಘಾಟನೆಯ ಸಂಭ್ರಮಕ್ಕೆ ಈ ಕಾಸು ಕುಟ್ಟಿದ್ನಾ? ಚಿಲ್ಲರೆ ಇರ್ಲಿಲ್ಲ, ಕುಟ್ಟಿದ.

ತುಂಗಾತೀರ
ಉಲ್ಟಾ. ನೂರು ಚಿತ್ರ ಇದ್ದಾಗ ತೋಳಾನೇ ಯಾಕೆ ಆರಿಸ್ಕೊಂಡ? ಜನಕ್ಕೆ ಗುರುತಿತ್ತು ಅದು, ತೋಳ ಇದ್ರೆ ಒಪ್ಕೋತಾರೆ ಅಂತ ಗೊತ್ತಿತ್ತು.

ಡೆನಾರಿಯಸ್_ದೊಡ್ಡಪ್ಪ
ಸೈನಿಕರ ಕಾಸನ್ನೂ ಅಷ್ಟೇ ಕಾಪಿ ಹೊಡೆದಿದಾರೆ. ಕೈಗೆ ಯಾವುದು ಸಿಕ್ತೋ ಅದು.

ಸುಮ್ನೆ_ನೋಡ್ತಿದೀನಿ
ಆ ಎರಡು ನಕ್ಷತ್ರ ಏನು ಅಂತ ಯಾರೂ ಹೇಳ್ಲೇ ಇಲ್ವಲ್ಲ.

ಇತಿಹಾಸ_ಟೀಚರ್
ಕ್ಯಾಸ್ಟರ್ ಪೊಲಕ್ಸ್ ಅಂತ ಅವಳಿ ದೇವರುಗಳು, ಅವರ ಗುರುತು ನಕ್ಷತ್ರ. ಕೆಳಗೂ ಅವಳಿ ಮೇಲೂ ಅವಳಿ ಅಂತ ಸುಮಾರು ಜನ ಓದ್ತಾರೆ.

ಯಶವಂತಪುರ_ಪ್ಯಾಸೆಂಜರ್
ತೋಳ ಬಿಡಿ, ನಮ್ಮೂರಿನ ಕಥೆ ಗೊತ್ತಾ? 1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕೆಲ್ಸಕ್ಕೆ ಅಗೀವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ತು. 1965ರಲ್ಲಿ ಎಚ್‌ಎಎಲ್ ಕಡೆ ಇನ್ನೂ 256. ಹೆಚ್ಚಿನವು ಆಗಸ್ಟಸ್, ಟೈಬೀರಿಯಸ್ ಕಾಲದ್ದು. ಚಿತ್ರದುರ್ಗದ ಚಂದ್ರವಳ್ಳಿ ಉತ್ಖನನದಲ್ಲೂ ಇವರ ಡೆನಾರಿಯಸ್ ಬಂದಿದೆ. ನಾನು ದಿನಾ ಆ ಸ್ಟೇಷನ್ನಲ್ಲಿ ಇಳಿಯೋನು, ಪ್ಲಾಟ್‌ಫಾರ್ಮಲ್ಲಿ ನಿಂತಾಗೆಲ್ಲ ಕಾಲ್ಕೆಳಗೆ ನೋಡೋದು ಅಭ್ಯಾಸ ಆಗಿಬಿಟ್ಟಿದೆ.

ಕಂಚಿನಕಾಸು
😂😂 ಆದ್ರೆ ಇದು ಅಷ್ಟೇನು ಆಫ್ ಟಾಪಿಕ್ ಅಲ್ಲ. ನಮ್ಮ ದಕ್ಷಿಣದಲ್ಲಿ ರಾಶಿ ಸಿಗೋದು ಆಗಸ್ಟಸ್‌ನ ಒಂದು ಡೆನಾರಿಯಸ್, ಅದರಲ್ಲಿ ಅವನ ಮೊಮ್ಮಕ್ಕಳು ಗಾಯಸ್ ಮತ್ತೆ ಲೂಸಿಯಸ್ ಗುರಾಣಿ ಈಟಿ ಹಿಡಿದು ನಿಂತಿದಾರೆ. ಇವರೇ ನನ್ನ ವಾರಸುದಾರರು ಅಂತ ಜಗತ್ತಿಗೆ ಸಾರಿದ್ದು. ಪಾಪ ಲೂಸಿಯಸ್ ಕ್ರಿ.ಶ. 2ಕ್ಕೆ ಸತ್ತ, ಗಾಯಸ್ 4ಕ್ಕೆ. ಅವರು ಹೋದ್ಮೇಲೂ ಕಾಸು ಹಡಗು ಹತ್ತಿ ಬರ್ತಾನೇ ಇತ್ತು, ಇಲ್ಲಿ ಮೆಣಸು ಮಾರೋನಿಗೆ ಗಾಯಸ್ ಯಾರಾದ್ರೇನು, ಬೆಳ್ಳಿ ಒಳ್ಳೇದಿತ್ತು. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ನರು ದುಡ್ಡು ಲೆಕ್ಕ ಹಾಕ್ತಿದ್ದ ನಾಣ್ಯ) ಎಳ್ಕೊಳ್ತಿದೆ ಅಂತ ಪ್ಲಿನಿ ಗೊಣಗಿದ್ದು ಸುಮ್ನೆ ಅಲ್ಲ.

ಡೆನಾರಿಯಸ್_ದೊಡ್ಡಪ್ಪ
ಕಂಚಿನಕಾಸು ಅವರೇ ನನ್ನ ವಾದ ಮಾಡ್ತಿದಾರೆ, ನಾನು ಕಾಫಿ ಕುಡ್ಕೊಂಡು ಬರ್ತೀನಿ.

ಯಶವಂತಪುರ_ಪ್ಯಾಸೆಂಜರ್
ಪುದುಕೋಟೆದು ಇನ್ನೂ ವಿಚಿತ್ರ. 1898ರಲ್ಲಿ 501 ಚಿನ್ನದ ರೋಮನ್ ನಾಣ್ಯ ಸಿಕ್ತು, ಬಹುಪಾಲು ನಾಣ್ಯದಲ್ಲಿ ಚಕ್ರವರ್ತಿ ಮುಖದ ಮೇಲೆ ಉಳಿಯಲ್ಲಿ ಅಡ್ಡ ಗೀಟು ಹಾಕಿದಾರೆ. ಯಾಕೆ ಅಂತ ಇವತ್ತಿಗೂ ಜಗಳ. ಇನ್ಮೇಲೆ ಇದು ದುಡ್ಡಲ್ಲ ಬರೀ ಚಿನ್ನ ಅಂತ ಗುರುತು ಹಾಕಿದ್ದು ಅಂತ ಕೆಲವರು, ಪರರಾಜನ ಮುಖ ನಮ್ಮಲ್ಲಿ ನಡೆಯಲ್ಲ ಅಂತ ಕೆಲವರು.

ಲಾ_ಪಾಯಿಂಟ್
ಮಧ್ಯೆ ಬಾಯಿ ಹಾಕ್ತೀನಿ ಕ್ಷಮಿಸಿ. ಹೊಲದಲ್ಲಿ, ಪಾಯದಲ್ಲಿ ಇಂಥದ್ದು ಸಿಕ್ರೆ ಎತ್ಕೊಂಡು ಮನೆಗೆ ಹೋಗೋ ಹಾಗಿಲ್ಲ, ನಿಧಿ ಕಾಯ್ದೆ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸ್ಬೇಕು. ಮತ್ತೆ 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ದೇಶದಿಂದ ಹೊರಗೆ ನೀವಾಗಿ ಕಳಿಸೋ ಹಾಗಿಲ್ಲ. ಫಾರಿನ್ನಲ್ಲಿರೋ ಫ್ರೆಂಡಿಗೆ ಗಿಫ್ಟ್ ಅಂತ ಪೋಸ್ಟ್ ಮಾಡೋಕೆ ಹೋಗ್ಬೇಡಿ. ಕೊಂಡಿದ್ದಕ್ಕೆ ಬಿಲ್ ಇಟ್ಕೊಳ್ಳಿ.

ಹಳೇಕಾಸು_ಹಾಸನ
ಬಿಲ್ ಇದೆ ಸರ್. ಮುಂದಿನದು ಏನ್ ತಗೊಳ್ಳಿ ಅಂತ ಕೇಳೋಣ ಅಂದ್ಕೊಂಡಿದ್ದೆ. ಕಥೆ ಇರ್ಬೇಕು, ಜೇಬಿಗೆ ತೂತು ಬೀಳಬಾರ್ದು.

ಮ್ಯೂನಿಕ್_ಮಂಡ್ಯ
ಫಿಲಿಪ್‌ನ ಸಾವಿರ ವರ್ಷದ ಸೀರೀಸ್! ಇವನೂ ರೋಮನ್ ಚಕ್ರವರ್ತಿ. ಕ್ರಿ.ಶ. 248, ರೋಮ್ ಹುಟ್ಟಿ ಸಾವಿರ ವರ್ಷ ಆಯ್ತು ಅಂತ ದೊಡ್ಡ ಜಾತ್ರೆ, ಆಟೋಟ, ಪ್ರಾಣಿಗಳ ಪ್ರದರ್ಶನ. ಸೆಕ್ಯುಲಾರೆಸ್ (ಯುಗದ ಹಬ್ಬ) ಅಂತ ಬರೆದು ಟಂಕಸಾಲೆಯ ಒಂದೊಂದು ವರ್ಕ್‌ಶಾಪಿಗೆ ಒಂದೊಂದು ಪ್ರಾಣಿ. ಒಂದನೇದರಲ್ಲಿ ಸಿಂಹ, ಎರಡನೇದರಲ್ಲಿ ನಿಮ್ಮ ತೋಳ, ನಾಲ್ಕನೇದು ಫಿಲಿಪ್ ಹೆಂಡ್ತಿ ಒಟಾಸಿಲಿಯಾ ಹೆಸರಲ್ಲಿ ನೀರಾನೆ. ಆಮೇಲೆ ಜಿಂಕೆ, ಚಿಗರೆ. ಕೆಳಗೆ ವರ್ಕ್‌ಶಾಪ್ ನಂಬರ್ ಕೂಡ ಇರುತ್ತೆ, ಸೆಟ್ ಮಾಡೋಕೆ ಹೇಳಿ ಮಾಡಿಸ್ದಂಗಿದೆ. ಸಿಂಹ ಅಷ್ಟು ದುಬಾರಿ ಅಲ್ಲ, ನೀರಾನೆಗೆ ಸ್ವಲ್ಪ ಜಾಸ್ತಿ ಕೇಳ್ತಾರೆ. ದೊಡ್ಡಪ್ಪನವರೇ, ಇದು ಸ್ಮಾರಕ ಅಲ್ಲ ಅನ್ನಿ ನೋಡೋಣ.

ಡೆನಾರಿಯಸ್_ದೊಡ್ಡಪ್ಪ
ಇದನ್ನ ಒಪ್ಕೋತೀನಿ. ತಾರೀಖಿದೆ, ಸಂದರ್ಭ ಇದೆ, ಆಮೇಲೆ ನಿಲ್ಲಿಸಿದ್ದೂ ಇದೆ.

ತುಂಗಾತೀರ
ಇದನ್ನ ಸ್ಕ್ರೀನ್‌ಶಾಟ್ ತೆಗ್ದಿಟ್ಕೊಂಡೆ.

ಇತಿಹಾಸ_ಟೀಚರ್
ಇದಕ್ಕೆ ಒಂದು ಬಾಲ ಇದೆ, ನಂಗೆ ತುಂಬಾ ಇಷ್ಟ. ಅದೇ ಹೊತ್ತಿಗೆ ಡಾನ್ಯೂಬ್ ಗಡಿಲಿ ಪಕಾಟಿಯನ್ ಅಂತ ಒಬ್ಬ ದಂಗೆ ಎದ್ದು ತಾನೇ ಚಕ್ರವರ್ತಿ ಅಂದ. ಅವನು ಹೊಡೆಸಿದ ಕಾಸಲ್ಲಿ "ಶಾಶ್ವತ ರೋಮ್, ಸಾವಿರದ ಒಂದನೇ ವರ್ಷ" ಅಂತಿದೆ. ಫಿಲಿಪ್ ಸಾವಿರ ಆಚರಿಸ್ದ, ಇವನು ಮುಂದಿನ ಲೆಕ್ಕ ನಂದು ಅಂದ. ಅವನನ್ನ ಅವನ ಸೈನಿಕರೇ ಮುಗ್ಸಿದ್ರು. ಫಿಲಿಪ್ ಕೂಡ 249ಕ್ಕೆ, ಮುಂದೆ ಚಕ್ರವರ್ತಿ ಆದ ಡೀಸಿಯಸ್ ಜೊತೆ ಯುದ್ಧದಲ್ಲಿ ಹೋದ.

ಸುಮ್ನೆ_ನೋಡ್ತಿದೀನಿ
ಯೂಡಿಯಾ ಕಾಪ್ಟಾ ತಗೊಳ್ಳಿ ಅಂತ ಎಲ್ರೂ ಹೇಳ್ತಾರಲ್ಲ, ಅದು ಹೆಂಗೆ?

ತುಂಗಾತೀರ
ಕ್ರಿ.ಶ. 70ರಲ್ಲಿ ಜೆರುಸಲೇಂ ಬಿದ್ದಿದ್ದಕ್ಕೆ ಚಕ್ರವರ್ತಿ ವೆಸ್ಪೇಸಿಯನ್ ಹೊಡೆಸಿದ್ದು, ಯೂಡಿಯಾ ಕಾಪ್ಟಾ ಅಂದ್ರೆ ಸೆರೆ ಸಿಕ್ಕ ಯೂಡಿಯಾ (ಯಹೂದಿಗಳ ನಾಡು). ಖರ್ಜೂರದ ಮರ, ಕೆಳಗೆ ತಲೆ ತಗ್ಗಿಸಿ ಕೂತು ಅಳೋ ಹೆಂಗಸು. ಅವನ ಮಗ ಟೈಟಸ್ ಕೂಡ ಮುಂದುವರಿಸ್ದ. ಬೆಳ್ಳಿದು ಕೈಗೆಟುಕುತ್ತೆ, ದೊಡ್ಡ ಕಂಚಿನ ಸೆಸ್ಟರ್ಸ್ ಆದ್ರೆ ಜಮೀನು ಮಾರ್ಬೇಕು. ನಂಗೆ ವೈಯಕ್ತಿಕವಾಗಿ ಇಷ್ಟ ಆಗಲ್ಲ, ಒಬ್ಬರ ಊರು ಸುಟ್ಟು ಅದರ ಚಿತ್ರ ಬರೆದಿದ್ದನ್ನ ಆಲ್ಬಮ್ಮಲ್ಲಿ ಇಟ್ಕೊಂಡು ಖುಷಿ ಪಡೋದು ಏನು.

ಕಂಚಿನಕಾಸು
ಅದೇ ಲೆಕ್ಕ ಹಿಡಿದ್ರೆ ಅರ್ಧ ರೋಮನ್ ಕಾಸು ಬಿಸಾಕ್ಬೇಕು. ಆಗಸ್ಟಸ್ ಈಜಿಪ್ಟ್ ಗೆದ್ದಿದ್ದಕ್ಕೆ ಮೊಸಳೆ, ಟ್ರೇಜನ್ ಡೇಸಿಯಾ (ಈಗಿನ ರೊಮೇನಿಯಾ ಕಡೆ) ಗೆದ್ದಿದ್ದಕ್ಕೆ ಕೈಕಟ್ಟಿ ಕೂರ್ಸಿದ ಡೇಸಿಯನ್, ಎಲ್ಲಾ ಅದೇ ಕಥೆ. ಫ್ರಾನ್ಸಿನ ನೀಮ್ ಊರು ಮೊಸಳೆಯನ್ನ ಮರಕ್ಕೆ ಕಟ್ಟಿರೋ ಆ ಕಾಸಿನ ಚಿತ್ರಾನೇ ಇವತ್ತೂ ಊರಿನ ಲಾಂಛನ ಮಾಡ್ಕೊಂಡಿದೆ.

ಇತಿಹಾಸ_ಟೀಚರ್
ಸೋತವರೂ ಸುಮ್ನೆ ಕೂರ್ಲಿಲ್ಲ. 132ರಿಂದ 135ರ ಬಾರ್ ಕೊಖ್ಬಾ ದಂಗೆಲಿ ಯಹೂದಿಗಳು ಚಲಾವಣೆಲಿದ್ದ ರೋಮನ್ ಕಾಸು ತಗೊಂಡು ಅದರ ಮೇಲೇ ತಮ್ಮ ಅಚ್ಚು ಕುಟ್ಟಿದ್ರು, ದೇವಾಲಯ, ದ್ರಾಕ್ಷಿ, ವೀಣೆ. ಕೆಲವದರಲ್ಲಿ ಕೆಳಗಿನ ಚಕ್ರವರ್ತಿ ಮುಖದ ಗೆರೆ ಇನ್ನೂ ಕಾಣುತ್ತೆ. 1958ರಲ್ಲಿ ಇಸ್ರೇಲ್ ತನ್ನ ಹತ್ತನೇ ವರ್ಷಕ್ಕೆ ಒಂದು ಪದಕ ಮಾಡಿ ಒಂದ್ಕಡೆ ಅದೇ ಯೂಡಿಯಾ ಕಾಪ್ಟಾ ಚಿತ್ರ, ಇನ್ನೊಂದ್ಕಡೆ ಬಿಡುಗಡೆಯಾದ ಇಸ್ರೇಲ್ ಹಾಕ್ತು. ತುಂಗಾತೀರ ಅವರೇ, ಎರಡನ್ನೂ ಜೊತೆಗಿಟ್ರೆ ಹೇಗಿರುತ್ತೆ ಯೋಚ್ನೆ ಮಾಡಿ.

ತುಂಗಾತೀರ
ಬಾರ್ ಕೊಖ್ಬಾ ಕಾಸಿನ ರೇಟು ನೋಡಿದೀರಾ ಮೇಡಂ? ಯೋಚ್ನೆ ಮಾತ್ರ ಮಾಡ್ತೀನಿ.

ಡೆನಾರಿಯಸ್_ದೊಡ್ಡಪ್ಪ
ಯುದ್ಧ ಬೇಡ ಅಂದ್ರೆ ಟ್ಯಾಕ್ಸ್ ತಗೊಳ್ಳಿ. ಚಕ್ರವರ್ತಿ ಹೇಡ್ರಿಯನ್ 118ರಲ್ಲಿ 90 ಕೋಟಿ ಸೆಸ್ಟರ್ಸ್ ತೆರಿಗೆ ಬಾಕಿ ಮನ್ನಾ ಮಾಡಿ, ಬಾಕಿ ಪತ್ರಗಳ ರಾಶಿಗೆ ಒಬ್ಬ ಪಂಜು ಹಿಡಿದು ಬೆಂಕಿ ಇಡ್ತಿರೋ ಚಿತ್ರ ನಾಣ್ಯದ ಮೇಲೆ ಹಾಕ್ಸಿದ, ಮೊತ್ತಾನೂ ಬರೆಸ್ದ. ಅದು ಸಿಗೋದು ಕಷ್ಟ, ಸಿಕ್ರೂ ದುಬಾರಿ. ಚಕ್ರವರ್ತಿ ನರ್ವಾ ಕೂಡ 97ರಲ್ಲಿ ಇಟಲಿ ಜನ ಸರ್ಕಾರಿ ಸಾಗಾಟಕ್ಕೆ ಕಟ್ಬೇಕಿದ್ದ ಖರ್ಚು ತೆಗೆದುಹಾಕಿ ಎರಡು ಹೇಸರಗತ್ತೆ ಆರಾಮಾಗಿ ಮೇಯ್ತಿರೋ ಚಿತ್ರ ಹಾಕ್ಸಿದ. ನಿಮ್ಮ ಬಜೆಟ್ಟಿಗೆ ಚಕ್ರವರ್ತಿ ಕ್ಯಾಲಿಗುಲಾದು ಸರಿ, ಪುಟಾಣಿ ಕ್ವಾಡ್ರನ್ಸ್, ಅವರ ಅತಿ ಸಣ್ಣ ಚಿಲ್ಲರೆ. ಮಾರಾಟದ ಮೇಲಿದ್ದ ಅರ್ಧ ಪರ್ಸೆಂಟ್ ತೆರಿಗೆ ತೆಗೆದಿದ್ದಕ್ಕೆ ಮಾಡಿದ್ದು, ಹಿಂದ್ಗಡೆ ಮಧ್ಯದಲ್ಲಿ ಆರ್ ಸಿ ಸಿ ಅಂತ ಮೂರಕ್ಷರ ಇರುತ್ತೆ, ಇನ್ನೂರರಲ್ಲೊಂದು ಭಾಗದ ತೆರಿಗೆ ಮನ್ನಾ ಅಂತ ಅರ್ಥ.

ಯಶವಂತಪುರ_ಪ್ಯಾಸೆಂಜರ್
ಆರ್‌ಸಿಸಿ ಅಂದ್ರೆ ಛಾವಣಿ ಹಾಕೋದಲ್ವಾ 😂

ಸುಮ್ನೆ_ನೋಡ್ತಿದೀನಿ
ಅರ್ಧ ಪರ್ಸೆಂಟಿಗೆ ನಾಣ್ಯನಾ! ಜಿಎಸ್‌ಟಿ ತೆಗೆದ್ರೆ ಏನ್ ಮಾಡ್ಬೇಕು ಹಂಗಾದ್ರೆ.

ಮ್ಯೂನಿಕ್_ಮಂಡ್ಯ
ಆ ಕ್ಯಾಲಿಗುಲಾ ಕಾಸಿನ ಮುಂದ್ಗಡೆ ಏನಿದೆ ಹೇಳ್ಲಿಲ್ಲ ದೊಡ್ಡಪ್ಪ. ಬ್ರೂಟಸ್‌ನ ಎರಡು ಚೂರಿ ಮಧ್ಯೆ ಇರೋ ಅದೇ ಟೋಪಿ! ಟ್ಯಾಕ್ಸಿಂದ ಬಿಡುಗಡೆ ಅಂತ ಅವನ ಲೆಕ್ಕ. ಟೋಪಿ ಹಾಕಿಸಿಕೊಂಡೋನೇ 41ರಲ್ಲಿ ಕಾವಲುಪಡೆಯೋರ ಕತ್ತಿಗೆ ಸಿಕ್ಕಿ ಸತ್ತ.

ಹಳೇಕಾಸು_ಹಾಸನ
ಆಯ್ತು, ಟೋಪಿ ಕಾಸು ಫಿಕ್ಸ್. ಯಾರ ಹತ್ರನಾದ್ರೂ ಎರಡಿದ್ರೆ ಹೇಳಿ, ಟಿಪ್ಪು ಕಾಲದ ಆನೆ ಕಾಸು ಡಬಲ್ ಇದೆ, ಎಕ್ಸ್‌ಚೇಂಜ್ ಮಾಡೋಣ.

ಕಂಚಿನಕಾಸು
ಆನೆ ಯಾವ ಟಂಕಸಾಲೆದು? ಪಟ್ಟಣ (ಶ್ರೀರಂಗಪಟ್ಟಣ) ಆದ್ರೆ ಬೇಡ, ನಗರ (ಬಿದನೂರು) ಆದ್ರೆ ಮೆಸೇಜ್ ಮಾಡಿ.